ಸೋದರಮಾವ

ಬಾಗಿಲನ್ನು ಅರ್ಧ ಮಾತ್ರ ತೆರೆದ ಗೌರೀಶ, ಹೊರಗೆ ಅಕ್ಕ ದಾನೇಶ್ವರಿ ನಿಂತಿದ್ದನ್ನು ಕಂಡು ಅಂಗೈಯಿಂದ ಬಾಯಿ ಮುಚ್ಚಿಕೊಂಡ.

"ಅಲ್ಲೇ ನಿಂದ್ರಕ್ಕಾ. ಒಳಗ ಬರಬ್ಯಾಡ."

"ಟಿಬಿ ಪೂರಾ ಹೋಗೇತಿ ಅಂತ ಡಾಕ್ಟರು ಹೇಳಿ ಎರಡ ವರ್ಷ ಆತಲ್ಲೋ. ನಾಳಿ ಸಾಕ್ಷಿದು ಮದುವಿ ನಿಶ್ಚೆ. ಸೋದರಮಾವ ಇಲ್ಲದ ಹೆಂಗ ಮಾಡೂದು? ಕರ್ಕೊಂಡ ಹೋಗಾಕ ಬಂದೇನಿ."

ಗೌರೀಶ ಒಂದು ಹೆಜ್ಜೆ ಹಿಂದೆ ಸರಿದ. ನೆಹರು ನಗರದ ಆ ಖೋಲಿಯ ಕಿಟಕಿಗೆ ಹಳೆಯ ಪತ್ರಿಕೆ ಅಂಟಿಸಿತ್ತು. ಸಾಮಾನು ತಂದವನು ಹೊಸ್ತಿಲಲ್ಲಿಟ್ಟು ಮೆಟ್ಟಿಲಿಳಿದ ಮೇಲೆಯೇ ಅವನು ಬಾಗಿಲು ತೆರೆಯುತ್ತಿದ್ದ.

ಕಾಯಿಲೆ ಬಂದ ಹೊಸದರಲ್ಲಿ ಅವನು ಖಾನಾಪುರದಲ್ಲಿ, ಅಕ್ಕನ ಮನೆಯಲ್ಲಿದ್ದ. ಕೊಟ್ಟಿಗೆಯ ಪಕ್ಕ ಅವನಿಗೆ ಹಾಸಿಗೆ ಹಾಸಿದ್ದು, ಚಹಾ ಕೊಡಲು ಹೊರಟ ಮಗಳು ಸಾಕ್ಷಿಯ ರಟ್ಟೆ ಹಿಡಿದು ಎಳೆದದ್ದು ದಾನೇಶ್ವರಿಯೇ. ಆಮೇಲೊಂದು ದಿನ ಅವನು ಯಾರಿಗೂ ಹೇಳದೆ ಬೆಳಗಾವಿಗೆ ಬಂದು ಈ ಖೋಲಿ ಹಿಡಿದಿದ್ದ.

ಅಕ್ಕ ಬಹಳ ಹೊತ್ತು ಬೇಡಿಕೊಂಡ ಮೇಲೆ ಅವನು ಹೊರಟ. ಬಸ್ಸಿನಲ್ಲಿ ಅವಳ ಪಕ್ಕ ಕೂರದೆ ಹಿಂದಿನ ಸೀಟಿನಲ್ಲಿ ಕೂತ.

ಮರುದಿನ ಮನೆ ತುಂಬ ಬೀಗರು. ಶಾಸ್ತ್ರದಂತೆ ಸೋದರಮಾವ ಕೊಟ್ಟ ಸೀರೆ ತೆಗೆದುಕೊಂಡ ಸಾಕ್ಷಿ ನಮಸ್ಕರಿಸಲು ಬಾಗಿದಳು. ಅವಳ ಬೆರಳು ಪಾದಕ್ಕೆ ತಾಗುವಷ್ಟರಲ್ಲಿ ಗೌರೀಶ ಹಿಂದಕ್ಕೆ ಜಿಗಿದ.

"ಮುಟ್ಟಬ್ಯಾಡವ್ವಾ. ನಿಮ್ಮವ್ವ ಬೈತಾಳ."

ವರನ ತಾಯಿ ಬಾಳವ್ವ ಮೆಲ್ಲಗೆ ಕೇಳಿದಳು, "ಇವರಿಗೇನಾಗೇತ್ರಿ?"

"ಏನಿಲ್ರಿ. ಒಬ್ಬಾಂವನ ಇದ್ದು ರೂಢಿ ಆಗೇತಿ," ಎಂದಳು ದಾನೇಶ್ವರಿ. ತಿರುಗಿ ನೋಡಿದರೆ ತಮ್ಮ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಕೊನೆಯ ಕಂಬದ ಹತ್ತಿರ ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ. ಏನೋ ಗೊಣಗುತ್ತಿದ್ದ. ಅವಳು ಓಡಿಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು.

"ಅವತ್ತ ನನಗ ಅಂಜಿಕಿ ಆಗಿತ್ತೋ. ತಪ್ಪಾತು. ಮನಿಗೆ ನಡಿ, ಎಲ್ಲಾರ ಜೋಡಿ ಕುಂತ ಉಣ್ಣು."

"ತಪ್ಪೇನೈತಿ? ನೀ ಮಾಡಿದ್ದು ಬರೋಬ್ಬರಿ ಇತ್ತಕ್ಕಾ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡು ಚೀಲದಿಂದ ಬಾಟಲಿ ತೆಗೆದ. ಅವಳ ಅಂಗೈಗಳ ಮೇಲೆ ನೀರು ಸುರಿದ. "ಚಲೋ ತಿಕ್ಕು. ಬೆರಳ ಸಂದ್ಯಾಗೂ."

ಅವಳು ತಿಕ್ಕಿದಳು.

ಬಸ್ಸು ಬಂತು. ಅವನು ಹತ್ತಿದ. ಅದು ಬೆಳಗಾವಿ ರಸ್ತೆಗೆ ಹೊರಳಿದ ಮೇಲೂ ದಾನೇಶ್ವರಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳದೆ ಮುಂದೆ ಹಿಡಿದುಕೊಂಡೇ ನಿಂತಿದ್ದಳು.