ಬಾಣದ ನಡಿಗೆ

“ಹಾರ್ತು! ಈಗ ನೋಡಿದ್ಯಾ? ಇಲ್ಲಿತ್ತು, ಅಲ್ಲಿಗೆ ಹಾರ್ತು.”

ಮಗಳು ಅಪ್ಪನ ಕುರ್ಚಿಯ ಹಿಂದಿನಿಂದ ಬಗ್ಗಿ ನೋಡಿದಳು. ಅಗಲವಾದ ಹೊಸ ಮಾನಿಟರಿನ ಮೇಲೆ ಮೌಸಿನ ಬಿಳಿ ಬಾಣ ಎಡದಿಂದ ಬಲಕ್ಕೆ ಹೋಯಿತು, ಬಲದಿಂದ ಎಡಕ್ಕೆ ಬಂತು. ಬಾಣವೆಂದ ಮೇಲೆ ಅದು ಇನ್ನೇನು ಮಾಡಬೇಕೆಂಬುದು ಅವಳಿಗೆ ತಿಳಿಯಲಿಲ್ಲ.

“ಸರಿಯಾಗೇ ಹೋಗ್ತಿದೆಯಲ್ಲಪ್ಪ.”

“ಹೋಗ್ತಿಲ್ಲ ಪುಟ್ಟೀ, ಕುಪ್ಪಳಿಸ್ತಿದೆ.”

ನಲವತ್ತು ವರ್ಷ ಗಡಿಯಾರದ ಮುಳ್ಳುಗಳ ಹಿಂದೆ ಬಿದ್ದವರೆಂದು ಬೀದಿಯವರೆಲ್ಲ ಅವರನ್ನು ಮುಳ್ಳಪ್ಪ ಎಂದೇ ಕರೆಯುತ್ತಿದ್ದರು. ಮನೆಯ ಕೆಳಗೇ ರಿಪೇರಿ ಅಂಗಡಿ. ಸಾಸಿವೆ ಕಾಳಿಗಿಂತ ಚಿಕ್ಕ ತಿರುಪನ್ನು ಚಿಮಟದಲ್ಲಿ ಹಿಡಿದು, ಮಾತಾಡುತ್ತಲೇ ಅದರ ಜಾಗಕ್ಕೆ ಕೂರಿಸುತ್ತಿದ್ದ ಮನುಷ್ಯ. ಆದರೆ ಮನೆಗಳ ನಕ್ಷೆ ಬರೆಯುವ ಮಗಳು ತಿಂಗಳ ಹಿಂದೆ ತನ್ನ ಕೆಲಸಕ್ಕೆಂದು ಈ ದೊಡ್ಡ ಪರದೆ ತಂದಾಗಿನಿಂದ ಅವರ ಗ್ರಹಚಾರ ಕೆಟ್ಟಿತ್ತು. ಸಂಜೆ ಅದರ ಮುಂದೆ ಕೂತು ಹಳೆಯ ಗಡಿಯಾರಗಳ ಬಗ್ಗೆ ಓದುವುದು ಅವರ ಚಟ. ಪುಟ ಸರಿಸಿದರೆ ಅಕ್ಷರಗಳು ತಡವರಿಸುತ್ತಿದ್ದವು, ಬಾಣ ಕುಪ್ಪಳಿಸುತ್ತಿತ್ತು, ತಲೆ ಸಿಡಿಯುತ್ತಿತ್ತು. ಮನೆಯಲ್ಲಿ ಬೇರೆ ಯಾರಿಗೂ ಹಾಗೆ ಕಾಣುತ್ತಿರಲಿಲ್ಲ.

ಕಣ್ಣಿನ ಡಾಕ್ಟರು “ವಯಸ್ಸಾಯ್ತಲ್ಲ” ಎಂದು ಹನಿ ಬರೆದುಕೊಟ್ಟರು. ಆ ಮಾತನ್ನು ಮುಳ್ಳಪ್ಪನವರು ನಂಬಿಬಿಟ್ಟರು. ಮೊದಲು ಹೆಂಗಸರ ಪುಟ್ಟ ಕೈಗಡಿಯಾರಗಳನ್ನು ವಾಪಸು ಕಳಿಸತೊಡಗಿದರು. ಆಮೇಲೆ ಒಂದು ದಿನ ಊಟಕ್ಕೆ ಕೂತವರು, “ಸಾಕು, ಅಂಗಡಿ ಬಿಟ್ಟುಬಿಡ್ತೀನಿ” ಎಂದರು. ಇವತ್ತು, ಭಾನುವಾರ, ಸಂಜೆ ಪಕ್ಕದ ಕನ್ನಡಕದ ಅಂಗಡಿಯವನು ಬಂದು ಬೀಗದ ಕೈ ಒಯ್ಯುವುದೆಂದು ಮಾತಾಗಿತ್ತು. ಕಣ್ಣು ಮಂಜಾಯಿತೆಂದು ಬಿಡುವ ಅಂಗಡಿ ಕನ್ನಡಕದವನ ಪಾಲು! ಬೇರೆ ಯಾರ ಮನೆಯ ಕಥೆಯಾಗಿದ್ದರೂ ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದರು. ಈಗ ಅವರಿಗೂ ನಗು ಬಂದಿರಲಿಲ್ಲ.

ಮುಳ್ಳಪ್ಪನವರು ಮೌಸನ್ನು ಕೈಬಿಟ್ಟರು. ಆಮೇಲೆ ತಟ್ಟನೆ ನೆಟ್ಟಗಾದರು.

“ಪುಟ್ಟೀ, ಗಡಿಯಾರ ನಿಧಾನ ಅಂತ ಯಾರಾದರೂ ತಂದುಕೊಟ್ಟರೆ ನಾನು ಏನು ಮಾಡ್ತೀನಿ?”

“ಪಕ್ಕದಲ್ಲಿ ಸರಿಯಾಗಿರೋದು ಒಂದನ್ನ ಇಟ್ಟು ನೋಡ್ತೀಯ.”

“ನನ್ನ ಕಣ್ಣಿಗೆ ಮಾತ್ರ ಅಷ್ಟು ಮರ್ಯಾದೆನೂ ಇಲ್ವಾ? ನಿನ್ನ ಆ ಸಣ್ಣ ಲ್ಯಾಪ್‌ಟಾಪ್ ತಗೊಂಡು ಬಾ.”

ಲ್ಯಾಪ್‌ಟಾಪ್ ಬಂತು. ಮುಳ್ಳಪ್ಪನವರು ಅದರಲ್ಲಿ ಬಾಣವನ್ನು ಸರ್ರನೆ ಎಳೆದರು. ಬಾಣದ ಹಿಂದೆ ಬಾಣ ಒತ್ತೊತ್ತಾಗಿ ಮಿಂಚಿ ಮಾಯವಾದವು. ದೊಡ್ಡ ಪರದೆಯಲ್ಲೂ ಅಷ್ಟೇ ಬೀಸಾಗಿ ಎಳೆದರು. ಅಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವೆ ಬೆರಳು ತೂರುವಷ್ಟು ಸಂದು.

“ಅಯ್ಯೋ, ಹೌದಲ್ಲಪ್ಪ!” ಮಗಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಲುಗಾಡದ ಗೋಡೆ, ಬಾಗಿಲುಗಳನ್ನೇ ದಿನವಿಡೀ ಬರೆಯುವವಳಿಗೆ ಓಡುವುದರ ಓಟ ಹೇಗೆ ಕಂಡೀತು? ತಕ್ಷಣ ಸೆಟ್ಟಿಂಗ್ಸ್ ತೆರೆದಳು. “ಇಲ್ಲಿ ನೋಡು, ರಿಫ್ರೆಶ್ ರೇಟ್. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತೆ ಅಂತ. ಲ್ಯಾಪ್‌ಟಾಪಲ್ಲಿ ಅರವತ್ತು. ಇದರಲ್ಲಿ ಮೂವತ್ತೇ ಮೂವತ್ತು!”

“ಅರ್ಧಕ್ಕರ್ಧ! ನಾನು ಹೇಳಲಿಲ್ವಾ?” ಮುಳ್ಳಪ್ಪನವರು ಒಳಮನೆಗೆ ಕೇಳುವಂತೆ ಕೂಗಿದರು. “ಅರ್ಧಕ್ಕರ್ಧ ಕಣೇ!”

ಆದರೆ ಅರವತ್ತಕ್ಕೆ ಏರಿಸೋಣವೆಂದರೆ ಪಟ್ಟಿಯಲ್ಲಿ ಮೂವತ್ತರ ಮೇಲೆ ಸಂಖ್ಯೆಯೇ ಇರಲಿಲ್ಲ. ಕಂಪ್ಯೂಟರನ್ನು ಆರಿಸಿ ಹಚ್ಚಿದ್ದಾಯಿತು. ಮೂವತ್ತೇ. ಮಗಳು ಕೈಪಿಡಿ ತಿರುವಿದಳು. “ಪರದೆಗೂ ಅರವತ್ತು ಆಗುತ್ತೆ, ಕಂಪ್ಯೂಟರಿಗೂ ಆಗುತ್ತೆ ಅಂತ ಬರೆದಿದೆ. ಮತ್ತೇನು ರೋಗ ಇದಕ್ಕೆ?”

“ಮುಳ್ಳೂ ನೆಟ್ಟಗಿದೆ, ಯಂತ್ರವೂ ನೆಟ್ಟಗಿದೆ ಅಂದ್ರೆ ತೊಂದರೆ ನಡುವೆ ಇರುತ್ತೆ. ಇವೆರಡರ ನಡುವೆ ಏನಿದೆ?”

“ಕೇಬಲ್.”

“ಯಾವ ಕೇಬಲ್?”

ಮಗಳು ಅಪ್ಪನ ಮುಖವನ್ನೇ ನೋಡಿದಳು. ನಗು ಅವಳ ಕೆನ್ನೆಯಲ್ಲಿ ಆಗಲೇ ತುಳುಕುತ್ತಿತ್ತು. “ಹಳೇ ಸಣ್ಣ ಪರದೆಯದು. ಇಷ್ಟು ದೊಡ್ಡ ಚಿತ್ರಾನ ಸೆಕೆಂಡಿಗೆ ಅರವತ್ತು ಸಲ ಸಾಗಿಸೋ ತಾಕತ್ತು ಅದಕ್ಕೆಲ್ಲಿ? ಇದರ ಜೊತೆ ಬಂದದ್ದನ್ನ ಬಿಚ್ಚೋಕೆ ಹೋದ್ರೆ, ಹಳೇದು ಗಟ್ಟಿಮುಟ್ಟಾಗಿದೆ, ಹೊಸದನ್ನ ಯಾಕೆ ಹಾಳು ಮಾಡ್ತೀಯ ಅಂತ ಕಿತ್ಕೊಂಡು ಹೋಗಿ ಬೀರುವಲ್ಲಿಟ್ಟೋರು ಯಾರು?”

ಹಳೆಯದು ಪೂರಾ ಸವೆಯದೆ ಹೊಸದರ ಕವರು ಹರಿಯಬಾರದೆಂಬುದು ಆ ಮನೆಯ ಕಾನೂನು. ಕಾನೂನು ಮಾಡಿದವರು ಸ್ವತಃ ಮುಳ್ಳಪ್ಪನವರು. ಬೀರುವಿನಲ್ಲಿ ಮಡಿಕೆ ಬಿಚ್ಚದ ಹೊದಿಕೆಗಳು, ಒಮ್ಮೆಯೂ ನೆನೆಯದ ಮೂರು ಕೊಡೆಗಳು ಇದ್ದವು. ಅವುಗಳ ಅಡಿಯಿಂದ ಹೆಂಡತಿ ಕೇಬಲನ್ನು ಎಳೆದು ತಂದು, ಗಂಡನ ಕಣ್ಣೆದುರೇ ಪ್ಲಾಸ್ಟಿಕ್ಕನ್ನು ಪರ್ರನೆ ಹರಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅಷ್ಟು ಸಂತೋಷದಿಂದ ಅವರು ಏನನ್ನೂ ಹರಿದಿರಲಿಲ್ಲ.

ಕೇಬಲ್ ಬದಲಾಯಿತು. ಪಟ್ಟಿಯಲ್ಲಿ ಅರವತ್ತು ಬಂದು ಕೂತಿತು. ಮುಳ್ಳಪ್ಪನವರು ಮೌಸನ್ನು ಮೆಲ್ಲಗೆ ತಳ್ಳಿದರು. ಬಾಣ ಜಾರಿತು, ತಿರುಗಿತು, ಎಲ್ಲೂ ಎಡವದೆ ಮೂಲೆ ಮುಟ್ಟಿ ಬಂತು. ಅವರ ಕಣ್ಣು ಒದ್ದೆಯಾಯಿತು; ಅದಕ್ಕೆ ಹನಿಯೇನೂ ಬೇಕಾಗಲಿಲ್ಲ.

ಹೆಂಡತಿ ಆಗಲೇ ಫೋನು ಹಿಡಿದಿದ್ದರು. “ಸಂಜೆ ಬರೋದು ಬೇಡಪ್ಪ, ಅಂಗಡಿ ಬಿಡೋದಿಲ್ಲ. ಏನಿಲ್ಲ, ಇವರ ಕಣ್ಣು ಚೆನ್ನಾಗೇ ಇದೆಯಂತೆ. ಬುದ್ಧಿ ಒಂಚೂರು ರಿಪೇರಿ ಇತ್ತು, ಮನೆಯಲ್ಲೇ ಮಾಡ್ಕೊಂಡ್ವಿ.”

ಮಗಳು ನಕ್ಕು ನಕ್ಕು ಸುಸ್ತಾಗಿ ತಿರುಗಿ ನೋಡಿದರೆ ಕುರ್ಚಿ ಖಾಲಿ. ಕೆಳಗೆ ಅಂಗಡಿಯ ಷಟರು ಗಡಗಡನೆ ಮೇಲೇರಿದ ಸದ್ದಾಯಿತು.

“ಇವತ್ತು ಭಾನುವಾರ ರೀ!” ಹೆಂಡತಿ ಕಿಟಕಿಯಿಂದ ಕೂಗಿದರು.

ಮಗಳು ಇಳಿದುಹೋದಾಗ ಮುಳ್ಳಪ್ಪನವರು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೇಜಿನ ಮೇಲೆ ಬಾಗಿದ್ದರು. ಮುಂದೆ ವಾಪಸು ಹೋಗದೆ ಉಳಿದಿದ್ದ ಹೆಂಗಸರ ಕೈಗಡಿಯಾರವೊಂದು, ಗುಂಡಿಯಷ್ಟು ಪುಟ್ಟದು, ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಅವರ ಚಿಮಟದ ತುದಿಯಲ್ಲಿ ಏನೋ ಇತ್ತು, ಅವಳಿಗೆ ಕಾಣಿಸಲಿಲ್ಲ. ಮಾತಾಡಲು ಬಾಯಿ ತೆರೆದವಳನ್ನು ಅವರು ತಲೆಯೆತ್ತದೆ ಎಡಗೈ ಚಾಚಿ ತಡೆದರು. ತನ್ನ ಉಸಿರಿಗೆ ಎಲ್ಲಿ ಹಾರಿಹೋಗುತ್ತದೋ ಎಂದು ಅವಳು ಬಾಗಿಲಲ್ಲೇ ಉಸಿರು ಬಿಗಿಹಿಡಿದು ನಿಂತಳು.