ಗೋಡೆ ಮೇಲಿನ ಸೊನ್ನೆ

"ಲೇ ಕೆಂಚ್ಯಾ, ಕೆಮ್ಮೋದು ನಿಲ್ಸಲೇ! ಫೋಟೋ ಅಲ್ಗಾಡ್ತದ!"

ಗಣಿ ಕಂಪನಿಯ ಆರೋಗ್ಯ ಜೀಪಿನ ಸಾಹೇಬ ವಾದಿರಾಜ ಕ್ಯಾಮೆರಾ ಹಿಡಿದು ಬಾಗಿಲಲ್ಲೇ ನಿಂತಿದ್ದ. ಒಳಗೆ ಹೊರಸಿನ ಮೇಲೆ ಕೆಂಚಣ್ಣ ಎದೆ ಒತ್ತಿಕೊಂಡು ಕೂತಿದ್ದ. ಅದೇ ಕಂಪನಿಯ ಕ್ರಷರಿನಲ್ಲಿ ಅದಿರಿನ ಕಲ್ಲು ಪುಡಿ ಮಾಡಿ, ಪುಡಿಯನ್ನೆಲ್ಲ ಎದೆಯೊಳಗೆ ತುಂಬಿಕೊಂಡು ಮನೆಗೆ ಬಂದವನು. ಅದಿರು ಕದ್ದ ಎಂದು ಅವನ ಮೇಲೆ ಇನ್ನೂ ಕೇಸು ಹಾಕಿರಲಿಲ್ಲ, ಅದೊಂದು ಪುಣ್ಯ.

"ನಿಲ್ಲಂಗಿದ್ರ ನಿಮ್ಮನ್ಯಾಕ ಕಾಯ್ತಿದ್ವಿರಿ ಸಾಹೇಬ್ರ?" ಎಂದಳು ಅವನ ಹೆಂಡತಿ ಜಂಬಕ್ಕ.

"ನೀ ಬಾಯಿ ಮುಚ್ಚು. ಗುಳಿಗಿ ಡಬ್ಬಿ ಅವನ ಕೈಯಾಗ ಇಡು. ಹಾಂ, ನಗು ಅನ್ನು."

ಕೆಂಚಣ್ಣ ನಕ್ಕ. ನಗು ಅರ್ಧಕ್ಕೆ ಕೆಮ್ಮಾಗಿ, ಕೆಮ್ಮು ಕೌದಿಯ ಮೇಲೆ ಕೆಂಪಗೆ ಬಿತ್ತು. ಅಷ್ಟರೊಳಗೆ ಫೋಟೋ ಆಗಿತ್ತು. ವಾದಿರಾಜ ಎರಡು ಗುಳಿಗೆ ಕೊಟ್ಟು ಡಬ್ಬಿ ವಾಪಸು ತೆಗೆದುಕೊಂಡ. ಮುಂದಿನ ಮನೆಯ ಫೋಟೋಕ್ಕೂ ಅದೇ ಡಬ್ಬಿ ಬೇಕಿತ್ತು.

ನಮ್ಮ ಕೇರಿ ಇರುವುದು ಸಂಡೂರಿನ ಗುಡ್ಡದ ಬುಡದಲ್ಲಿ. ಅದಿರಿನ ಲಾರಿಗಳ ಧೂಳು ಎಷ್ಟೆಂದರೆ, ಕಂಪ್ಲಿ ಸಂತೆಯಿಂದ ನಾನು ತಂದ ಬಿಳಿ ಆಡು ಎಂಟೇ ದಿನಕ್ಕೆ ಕೆಂಪಾಗಿ, ಅದರ ಮರಿಯೇ ಗುರುತು ಸಿಗದೆ ಬೇರೆ ಆಡಿನ ಕೆಚ್ಚಲು ಹುಡುಕಿಕೊಂಡು ಹೋಯಿತು. ನಂಬದವರು ಆ ಮರಿಯನ್ನೇ ಕೇಳಬಹುದು.

ಕೆಂಚಣ್ಣನನ್ನು ನೋಡಿಕೊಳ್ಳಲು ಮೂರು ಕಡೆಯವರಿದ್ದರು. ಜೀಪಿನ ವಾದಿರಾಜ ಒಬ್ಬ. ಸರಕಾರಿ ನರ್ಸು ಯಶೋಧರಾ, ಸ್ಕೂಟರಿನಲ್ಲಿ ಸೂಜಿ ಮಾತ್ರೆ ತರುವವಳು. ಹೊಸಪೇಟೆಯ ಒಂದು ಟ್ರಸ್ಟಿನ ಸೀತಾಬಾಯಿ, ಕಾರಿನಲ್ಲಿ ಹಾಲಿನ ಪುಡಿ ತರುವವರು. ಕೇರಿಯೊಳಗೆ ಕಾಲಿಡದೆ ಬೇವಿನ ಮರದ ಕೆಳಗೆ ಇಟ್ಟು, ದೂರ ಸರಿದು ಕೂಗುತ್ತಿದ್ದರು. ಒಂದೇ ಮನೆಗೆ ಮೂವರೂ ಮುಗಿಬೀಳಬಾರದೆಂದು ಸಂಡೂರಿನಲ್ಲಿ ಮೀಟಿಂಗ್ ಮಾಡಿ, ಬಂದುಹೋದವರು ಗೋಡೆಗೆ ಗುರುತು ಹಾಕಬೇಕೆಂದು ಠರಾಯಿಸಿಕೊಂಡರು. ನರ್ಸಿನದು ಸೀಮೆಸುಣ್ಣದ ಗೀಟು. ಟ್ರಸ್ಟಿನದು ದೀಪದ ಚಿತ್ರದ ಚೀಟಿ, ಅದನ್ನು ಅಂಟಿಸಲು ಕಾರಿನ ಡ್ರೈವರ್ ಬರುತ್ತಿದ್ದ. ಕಂಪನಿಯ ಗುರುತು ಇನ್ನೂ ಬಿದ್ದಿರಲಿಲ್ಲ.

ಗೀಟು ಕಂಡರೆ ಕಾರು ತಿರುಗುತ್ತಿತ್ತು. ಚೀಟಿ ಕಂಡರೆ ಜೀಪು ತಿರುಗುತ್ತಿತ್ತು. ಯಾರೋ ನೋಡಿಕೊಂಡಿದ್ದಾರಲ್ಲ! ಆ ಬೇಸಿಗೆ ಕೆಂಚಣ್ಣನಿಗಿಂತ ಗೋಡೆಯ ಯೋಗಕ್ಷೇಮವೇ ಚೆನ್ನಾಗಿತ್ತು. ಜಂಬಕ್ಕ ಇದನ್ನು ಬೇಗ ತಿಳಿದುಕೊಂಡಳು. ಒಬ್ಬರು ಮರೆಯಾದ ಕೂಡಲೇ ಸಗಣಿ ನೀರಿನಲ್ಲಿ ಗೋಡೆ ಸಾರಿಸಿಬಿಡುತ್ತಿದ್ದಳು. ಇನ್ನೊಬ್ಬರು ಬರುತ್ತಿದ್ದರು. ಕೆಂಚಣ್ಣ ಬದುಕಿದ್ದು ಸಗಣಿಯಿಂದ.

ಫೋಟೋ ತೆಗೆದ ದಿನ ಜೀಪಿನ ಡ್ರೈವರ್ ಎಣ್ಣೆ ಬಣ್ಣದ ಡಬ್ಬಿ ತಂದು ಆ ಗೋಡೆಗೆ ದೊಡ್ಡದೊಂದು ಕೆಂಪು ಸೊನ್ನೆ ಬರೆದ.

"ಇದೇನ್ರಿ ಇದು?" ಎಂದಳು ಜಂಬಕ್ಕ.

"ಸ್ಪೆಷಲ್ ರೋಗಿ ಇರೋ ಮನಿ ಅಂತ. ಇನ್ಮ್ಯಾಲೆ ಎಲ್ಲಾರಿಗೂ ಇದೊಂದ ಗುರ್ತು."

ಸ್ಪೆಷಲ್ ಎಂಬ ಮಾತು ಕೇರಿಯನ್ನು ಸುತ್ತಿ ಬಂತು. ಹೊಳೆಮ್ಮ ಮೊಣಕಾಲು ಹಿಡಿದುಕೊಂಡು ಓಡಿ ಬಂದಳು. "ನನಗೂ ಒಂದು ಹಾಕಪ್ಪಾ, ಕುಂತ್ರ ಏಳಾಕ ಬರವಲ್ದು!" ಚನ್ನಯ್ಯ ಮನೆಯಿಂದಲೇ ಕೆಮ್ಮುತ್ತ ಬಂದ, ಒಳ್ಳೆ ರಾಗವಾಗಿ. ಎಲ್ಲಮ್ಮ ಆಡಿನ ದೊಡ್ಡಿಗೂ ಒಂದು ಬೇಕೆಂದಳು.

"ಸಾಯ್ರಲೇ, ನೀವ ಬಳ್ಕೊಳ್ರಿ, ನನಗ ಊಟದ ಹೊತ್ತಾತು," ಎಂದು ಡ್ರೈವರ್ ಡಬ್ಬಿ ಕುಂಚ ಜಂಬಕ್ಕನ ಕಟ್ಟೆಯ ಮೇಲೇ ಬಿಟ್ಟು ಹೋದ. ಹೊತ್ತು ಮುಳುಗುವುದರೊಳಗೆ ಕೇರಿಯಲ್ಲಿ ಆರೋಗ್ಯವಂತರ ಮನೆ ಒಂದೂ ಉಳಿಯಲಿಲ್ಲ.

ಆಮೇಲೆ ಯಾರೂ ಬರಲಿಲ್ಲ.

ಗುಳಿಗೆ ಮುಗಿದವು. ಒಂದು ದಿನ ನರ್ಸಿನ ಸ್ಕೂಟರ್ ಮೂಲೆಯವರೆಗೆ ಬಂದು, ಸೊನ್ನೆಗಳನ್ನು ಕಂಡು ತಿರುಗಿತು. ಜಂಬಕ್ಕ ಓಡಿ ಅಡ್ಡ ನಿಂತಳು.

"ಸೊನ್ನಿ ಬಿದ್ದ ಮನಿಗೆ ಹೋಗಬ್ಯಾಡ ಅಂದಾರಕ್ಕ. ಕಂಪನೇರು ನೋಡ್ಕೊಂತಾರಂತ."

"ಏನ್ ನೋಡ್ಕೊಂತಾರವ್ವಾ?"

"ನನಗ ಹೇಳಿಲ್ಲ." ಯಶೋಧರಾ ಗುಡ್ಡದ ಕಡೆ ನೋಡಿ, ಚೀಲದಿಂದ ಸಿಕ್ಕಷ್ಟು ಮಾತ್ರೆ ಅವಳ ಸೆರಗಿಗೆ ಸುರಿದಳು. "ನಾ ಕೊಟ್ಟೆ ಅನ್ನಬ್ಯಾಡಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

ಸರಕಾರದ ನರ್ಸು ನಮ್ಮವಳ ಕಾಲಿಗೆ ಬೀಳುತ್ತೇನೆ ಎಂದದ್ದು ಕೇಳಿ, ಏನೋ ಕೆಟ್ಟದ್ದಾಗುವುದಿದೆ ಎಂದು ನಮಗೆಲ್ಲ ಖಾತ್ರಿಯಾಯಿತು. ಸೀತಾಬಾಯಿಯ ಕಾರು ಬಂದಾಗ ಗಾಜು ಬೆರಳಷ್ಟೇ ಇಳಿಯಿತು. "ಸರಕಾರದವ್ರು ನೋಡ್ಕೋತಾರಂತಲ್ಲಮ್ಮಾ? ಛಲೋ ಆತು ಬಿಡು. ಗಾಜು ಮುಟ್ಟಬ್ಯಾಡ."

ನಾನು ಅದಿರಿನ ಲಾರಿಗಳಿಗೆ ತಾಡಪಾಲು ಕಟ್ಟುವವನು. ಮರುದಿನ ಲಾರಿಸಾಲಿನಲ್ಲಿ ಗುಡ್ಡದ ಆಚೆಯ ಹಟ್ಟಿಯ ಕ್ಲೀನರ್ ಒಬ್ಬ ಕೇಳಿದ. "ನಿಮ್ಮ ಕೇರಿಗೂ ಸೊನ್ನಿ ಬಿದ್ದಾವಂತಲ್ಲಲೇ ಹೊನ್ನೂರಸ್ವಾಮಿ? ನಮ್ಮ ಹಟ್ಟಿಗೂ ಬಿದ್ದಿದ್ವು."

"ಈಗೇನಾತು?"

"ಈಗ ಹಟ್ಟಿ ಎಲ್ಲೈತಿ? ಗಣಿ ಗುಂಡಿ ಐತಿ. ಒಳಗ ಹಸಿರು ನೀರು."

ಅವನು ನಗಲು ಹೋಗಿ ನಗಲಿಲ್ಲ. ಆ ಲಾರಿಸಾಲಿನಲ್ಲಿ ನಾನು ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ನಿಜವೊಂದನ್ನು ಮನೆಗೆ ಹೊತ್ತು ತಂದದ್ದು ಅದೇ ಮೊದಲು. ಜಂಬಕ್ಕನ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿದೆ.

ಆ ಮಧ್ಯಾಹ್ನ ಕುಡುಗೋಲು, ಕಲ್ಲು, ಸೌಟು, ಕೈಗೆ ಸಿಕ್ಕದ್ದರಲ್ಲಿ ಎಲ್ಲರೂ ಗೋಡೆ ಕೆರೆದರು. ಎಣ್ಣೆ ಬಣ್ಣ ಮಣ್ಣಿಗೆ ಇಳಿದಿತ್ತು. ಕೆರೆದಷ್ಟೂ ಸುತ್ತಲಿನ ಮಣ್ಣು ಉದುರಿ ಸೊನ್ನೆ ಇನ್ನೂ ಎದ್ದು ಕಂಡಿತು.

ಬೆಳಿಗ್ಗೆ ಜೀಪು ಬಂತು. ಹಿಂದೆ ಜೆಸಿಬಿ.

ವಾದಿರಾಜನ ದನಿ ಅವತ್ತು ಬೆಣ್ಣೆಯಂತಿತ್ತು. "ನೋಡ್ರಿ, ಇಂಥಾ ಧೂಳಾಗ ರೋಗಿಗಳು ಇರಬಾರದು ಅಂತ ಡಾಕ್ಟರ್ ಹೇಳ್ಯಾರ. ನಿಮ್ಮ ಆರೋಗ್ಯದ ಸಲುವಾಗಿ ಮನಿ ತೆಗೀಲಿಕ್ಕೆ ಬಂದೀವಿ."

"ಧೂಳ್ ತೆಗೀರಿ ಅಂದ್ರ ಮನಿ ತೆಗೀತೀರೇನ್ರಿ?" ಎಂದಳು ಜಂಬಕ್ಕ.

"ಸೊನ್ನಿ ನೀವ ಬಳ್ಕೊಂಡೀರಲ್ಲ! ನಾವು ಒತ್ತಾಯ ಮಾಡೀವೇನು?"

"ನನಗ ಕೆಮ್ಮಿಲ್ರೀ ಸಾಹೇಬ್ರ! ಸುಳ್ಳು ಹೇಳಿದ್ನಿ! ನಮ್ಮವ್ವನಾಣಿ!" ಎಂದು ಚನ್ನಯ್ಯ ಕೈಮುಗಿದ. ಅಷ್ಟು ಹೇಳುವುದರೊಳಗೆ ಅವನಿಗೆ ಕೆಮ್ಮು ಬಂತು. ತಡೆಯಲು ಬಾಯಿಗೆ ಟವೆಲ್ ತುರುಕಿಕೊಂಡ. ಕಣ್ಣು ಮೇಲಾದವು, ಕೆಮ್ಮು ನಿಲ್ಲಲಿಲ್ಲ. ಇದು ರಾಗದ ಕೆಮ್ಮಲ್ಲ.

"ನನ್ನ ಗಂಡನ್ನ ಎಲ್ಲಿ ಮಲಗಿಸ್ಲಿ? ಎಬ್ಬಿಸಿದ್ರ ಉಸುರು ಹೋಗ್ತೈತಿ."

"ಆಂಬುಲೆನ್ಸ್ ಸರಕಾರದ್ದು. ಸೂರು ಟ್ರಸ್ಟಿಂದು. ನಮ್ಮದು ತೆಗಿಯೋದಷ್ಟ. ಎಲ್ಲಾರ ಜೋಡಿ ಮಾತಾಗ್ಯದ."

"ಅವ್ರು ಎಲ್ಲದಾರ?"

"ಬರ್ತಾರ." ಅವನು ಜೆಸಿಬಿಯ ಡ್ರೈವರನ ಕಡೆ ತಿರುಗಿದ. "ಸೊನ್ನಿ ಇದ್ದದ್ದು ಕೆಡವು. ಮೊದ್ಲ ಇದು."

ಜಂಬಕ್ಕ ಒಳಗೆ ಹೋದಳು. ಗಂಡನನ್ನು ಎತ್ತಿಕೊಂಡು ಬರುತ್ತಾಳೆ ಎಂದುಕೊಂಡೆವು. ನಾವು ಯಾರೂ ಸಹಾಯಕ್ಕೆ ಹೋಗಲಿಲ್ಲ. ಅವಳು ಹೊರಗೆ ಬಂದದ್ದು ಬಣ್ಣದ ಡಬ್ಬಿ ಹಿಡಿದುಕೊಂಡು. ಅವಸರಕ್ಕೆ ಅರ್ಧ ಬಣ್ಣ ಸೀರೆಯ ಮೇಲೇ ಚೆಲ್ಲಿತು. ಸೀದಾ ಹೋಗಿ ಜೀಪಿನ ಬಾಗಿಲಿಗೆ ಒಂದು ಸೊನ್ನೆ ಬರೆದಳು.

"ಏಯ್! ಏಯ್ ರಂಡೆ, ತಲಿ ಕೆಟ್ಟದೇನು!" ವಾದಿರಾಜ ಪೊಲೀಸರನ್ನು ಕರೆಯಲು ಮೊಬೈಲ್ ತೆಗೆದ. ಸಿಗ್ನಲ್ ಸಿಗಲೆಂದು ಅತ್ತ ತಿರುಗಿದ. ಅವನ ಬಿಳಿ ಅಂಗಿಯ ಬೆನ್ನಿನ ಮೇಲೂ ಒಂದು ಬಿತ್ತು.

ಆಮೇಲೆ ಅವಳು ಜೆಸಿಬಿಯ ಎತ್ತಿದ ಬಕೆಟಿನ ಕೆಳಗೇ ಹೋಗಿ ನಿಂತು, ಅದರ ಹಲ್ಲುಗಳ ಮೇಲೆ ಕುಂಚ ಎಳೆದಳು.

"ಈಗ ಕೆಡವಪ್ಪಾ. ಸೊನ್ನಿ ಇದ್ದದ್ದೆಲ್ಲಾ ಕೆಡವು. ಮೊದ್ಲು ಯಾವುದು ಅಂತ ನೀನ ನೋಡ್ಕೊ."

ಡ್ರೈವರ್ ಮನೆ ನೋಡಿದ. ಜೀಪು ನೋಡಿದ. ಸಾಹೇಬನ ಬೆನ್ನು ನೋಡಿದ. ಹಿಡಿಕೆಯ ಮೇಲಿದ್ದ ಕೈ ಹಾಗೇ ಇತ್ತು, ಎಂಜಿನ್ ಗುರುಗುಡುತ್ತಿತ್ತು.

ಹೊಳೆಮ್ಮ ಮೊಣಕಾಲು ಮರೆತು ಹೋಗಿ ಜಂಬಕ್ಕನ ಪಕ್ಕ ನಿಂತಳು. ಎಲ್ಲಮ್ಮ ಹೋದಳು. ನಾನು ಹೋದದ್ದು ನನಗೇ ತಿಳಿಯಲಿಲ್ಲ. ಡಬ್ಬಿ ನನ್ನ ಕೈಯಲ್ಲಿತ್ತು. ಬಕೆಟಿನ ಹಲ್ಲಿನಿಂದ ಬಣ್ಣ ತೊಟ್ಟಿಕ್ಕಿ ನಮ್ಮ ತಲೆಯ ಮೇಲೆ ಬೀಳುತ್ತಿತ್ತು.

ಎಂಜಿನ್ನಿನ ಸದ್ದಿನ ಕೆಳಗೆ, ಒಳಗಿನಿಂದ ಕೆಂಚಣ್ಣನ ಕೆಮ್ಮು ಕೇಳುತ್ತಲೇ ಇತ್ತು.

ನಿಂತಿತು.

ಡ್ರೈವರ್ ಎಂಜಿನ್ ಆರಿಸಿದ. ಎಲ್ಲರೂ ಬಾಗಿಲ ಕಡೆ ನೋಡಿದೆವು, ಬೆನ್ನ ಮೇಲೆ ಸೊನ್ನೆ ಹೊತ್ತ ವಾದಿರಾಜನೂ. ಜಂಬಕ್ಕ ಮಾತ್ರ ತಿರುಗಲಿಲ್ಲ. ತಿರುಗಿದರೆ ಬಕೆಟಿನ ಕೆಳಗಿನಿಂದ ಸರಿಯಬೇಕಿತ್ತು.

"ಹೊನ್ನೂರಸ್ವಾಮಿ," ಎಂದಳು, ಕಣ್ಣು ಬಕೆಟಿನ ಮೇಲೇ ಇಟ್ಟು, "ಕೇಳಿಸ್ಕೋ. ಉಸುರೈತೇನು?"

ನಾನು ಕಿವಿಗೊಟ್ಟೆ.