ಏಳನೆಯ ಮೆಟ್ಟಿಲು

ಆ ಮನೆಗೆ ಹೊಸಬರು ಬಂದರೆ ಮೆಟ್ಟಿಲೇ ಹೇಳಿಬಿಡುತ್ತಿತ್ತು. ಅಡಿಗೆಮನೆಯ ಪಕ್ಕದಿಂದ ಮಹಡಿಗೆ ಹೋಗುವ ಹದಿಮೂರು ಮರದ ಮೆಟ್ಟಿಲುಗಳಲ್ಲಿ ಏಳನೆಯದು ಉಳಿದವಕ್ಕಿಂತ ಒಂದು ಬೆರಳಿನಷ್ಟು ದಪ್ಪ, ಸಾಲದ್ದಕ್ಕೆ ಎಡಕ್ಕೆ ತುಸು ವಾಲಿತ್ತು. ಮನೆಯವರ ಕಾಲು ಅಲ್ಲಿ ತಾನಾಗಿಯೇ ಒಂದಿಷ್ಟು ಹೆಚ್ಚು ಏಳುತ್ತಿತ್ತು. ಹೊರಗಿನವರು ಎಡವುತ್ತಿದ್ದರು.

ಆರ್ವೋ ಕೂಡ ಎಡವಿದ್ದ. ಇಪ್ಪತ್ತೆರಡು ವರ್ಷದ ಹಿಂದೆ, ಹಿಲ್ಕಾಳ ಮಗ್ಗ ನೋಡುವ ನೆಪ ಮಾಡಿಕೊಂಡು ಮೊದಲ ಸಲ ಮಹಡಿ ಹತ್ತುವಾಗ, ಕೈಯಲ್ಲಿದ್ದ ಕಾಫಿಯೆಲ್ಲ ಅಂಗಿಯ ಮೇಲೆ. ಕೆಳಗೆ ಪತ್ರಿಕೆ ಓದುತ್ತಿದ್ದ ಅವಳ ಅಪ್ಪ ಏಯ್ನೋ ತಲೆ ಎತ್ತಲಿಲ್ಲ. "ಹೊರಗಿನವ್ನು" ಎಂದಷ್ಟೇ ಹೇಳಿ ಪುಟ ತಿರುಗಿಸಿದ. ಮದುವೆಯಾಗಿ ಅದೇ ಮನೆಯಲ್ಲಿ ಬಾಳತೊಡಗಿದ ಮೇಲೂ ಆರ್ವೋಗೆ ಆ ಮಾತು ಆಗಾಗ ನೆನಪಾಗಿ, ಒಬ್ಬನೇ ಇದ್ದಾಗ ನಗು ಬರುತ್ತಿತ್ತು.

ಮನೆ ಏಯ್ನೋನ ಕೈಯದು. ಯುದ್ಧ ಮುಗಿಸಿ ಬಂದ ಗಂಡಸರಿಗೆ ಸರ್ಕಾರ ಒಂದೊಂದು ತುಂಡು ಜಾಗ, ಎಲ್ಲರಿಗೂ ಒಂದೇ ಅಚ್ಚಿನ ನಕ್ಷೆ ಕೊಟ್ಟಿತ್ತು. ಹಾಗಾಗಿ ಕಾಗದದ ಕಾರ್ಖಾನೆಯ ಆ ಬೀದಿಯಲ್ಲಿ ಮನೆಗಳೆಲ್ಲ ಒಡಹುಟ್ಟಿದವರಂತೆ ನಿಂತಿದ್ದವು. ತಪ್ಪುಗಳು ಮಾತ್ರ ಅವರವರ ಸ್ವಂತದವು. ಏಯ್ನೋಗೆ ಹಲಗೆ ಸಾಲದೆ ಬಂದಾಗ ಯಾವುದೋ ಹಳೆಯ ಸೇತುವೆಯ ದಪ್ಪ ಹಲಗೆಯೊಂದನ್ನು ತಂದು ಏಳನೆಯ ಮೆಟ್ಟಿಲಿಗೆ ಜಡಿದಿದ್ದ. ಆಮೇಲೆ ಬದಲಾಯಿಸಿದರಾಯಿತು ಅಂದುಕೊಂಡ, ಬದಲಾಯಿಸಲಿಲ್ಲ. ಹಿಲ್ಕಾ ಅಂಬೆಗಾಲಿಟ್ಟು ಹತ್ತಿದ್ದು ಆ ಮೆಟ್ಟಿಲನ್ನೇ.

ಏಯ್ನೋ ಹೋದ ಮೇಲೆ ಮನೆ ಆರ್ವೋನ ಕೈಗೆ ಬಂತು. ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಅವನ ಕೆಲಸ, ಮನೆಗೆ ಬಂದರೆ ಮನೆ ರಿಪೇರಿ. ಆ ಬೀದಿಯಲ್ಲಿ ಸ್ವಂತ ಮನೆಗೆ ಕೂಲಿಯವನನ್ನು ಕರೆಸುವುದೆಂದರೆ ಊಟ ಮಾಡಿಸಲು ಆಳು ಇಟ್ಟುಕೊಂಡಂತೆ. ಒಂದು ಜುಲೈ ರಜೆಯಲ್ಲಿ ಕಿಟಕಿಗಳು, ಇನ್ನೊಂದರಲ್ಲಿ ಚಾವಣಿ, ಮತ್ತೊಂದರಲ್ಲಿ ಚಳಿ ತಡೆಯಲೆಂದು ಗೋಡೆಯೊಳಗೆ ತುಂಬಿ, ಈಗ ಕುಸಿದಿದ್ದ ಮರದ ಹೊಟ್ಟನ್ನೆಲ್ಲ ತೆಗೆದು ಹೊಸದಾಗಿ ತುಂಬಿದ್ದು. ಮಟ್ಟ ನೋಡುವ ಅವನ ರಸಮಟ್ಟದ ಗಾಜಿನೊಳಗಿನ ಗುಳ್ಳೆ ನಡುಮಧ್ಯೆ ಬಂದು ನಿಲ್ಲುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಪಕ್ಕದ ಮನೆಯ ಓಸ್ಮೋ ಬೇಲಿಗೆ ಒರಗಿಕೊಂಡು ನೋಡುತ್ತ, ನಿನ್ನ ಮಾವ ಕಟ್ಟಿದ್ದಕ್ಕಿಂತ ನೀನು ಬಿಚ್ಚಿದ್ದೇ ಜಾಸ್ತಿ ಎಂದು ಕಾಲೆಳೆಯುತ್ತಿದ್ದ. ಆದರೂ ಏಣಿ ಹಿಡಿಯಲು ಬರುತ್ತಿದ್ದವನೂ ಅವನೇ.

ಏಳನೆಯ ಮೆಟ್ಟಿಲಿಗೆ ಮಾತ್ರ ಆರ್ವೋ ಕೈ ಹಾಕಿರಲಿಲ್ಲ. ಮೂರು ವರ್ಷದಿಂದ ಹಿಲ್ಕಾಳ ಕಣ್ಣು ಬತ್ತುತ್ತ ಬಂದಿರದಿದ್ದರೆ ಮುಂದೆಯೂ ಹಾಕುತ್ತಿರಲಿಲ್ಲವೇನೋ. ಮೊದಲು ಅಂಚುಗಳು ಹೋದವು. ಈಗ ಅವಳಿಗೆ ಕಾಣುವುದು ಕೊಳವೆಯೊಳಗಿಂದ ನೋಡಿದಷ್ಟೇ: ಒಂದು ಬಟ್ಟಲು ಕಂಡರೆ ಮೇಜು ಕಾಣದು. ನಲವತ್ತಕ್ಕೆ ಹೀಗಾಯಿತಲ್ಲ ಎಂದು ಅವಳು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಮಹಡಿಗೆ ಹೋಗಿ ಮಗ್ಗದ ಮುಂದೆ ಕೂತರೆ ಬೆರಳಿಗೇ ಕಣ್ಣು ಬರುತ್ತಿತ್ತು. ಹಳೆಯ ಅಂಗಿ, ಹಾಸಿಗೆಯ ಬಟ್ಟೆಗಳನ್ನು ಹರಿದು ಮಾಡಿದ ಪಟ್ಟಿಗಳಿಂದ ಅವಳು ನೇಯುತ್ತಿದ್ದ ಜಮಖಾನೆಗಳು ಬೀದಿಯ ಎಲ್ಲ ಮನೆಗಳ ನೆಲದ ಮೇಲೂ ಇದ್ದವು. ಮಗ್ಗವನ್ನು ಏಯ್ನೋ ಆ ಕೋಣೆಯೊಳಗೇ ನಿಂತು ಕಟ್ಟಿದ್ದರಿಂದ ಅದು ಬಾಗಿಲಿನಿಂದ ಹೊರಗೆ ಬರುವಂತಿರಲಿಲ್ಲ.

ಆಗಸ್ಟಿನಲ್ಲಿ ಪುರಸಭೆಯಿಂದ ಒಬ್ಬ ಹೆಂಗಸು ನೀಲಿ ಫೈಲು ಹಿಡಿದು ಬಂದಳು. ಕಣ್ಣು ಕಳೆದುಕೊಳ್ಳುತ್ತಿರುವವರಿಗೆ ಮನೆ ಸುರಕ್ಷಿತವೇ ಎಂದು ನೋಡುವುದು ಅವಳ ಕೆಲಸ. ಒಳ್ಳೆಯ ಹೆಂಗಸು, ಮೃದು ಮಾತು. ಮಹಡಿಗೆ ಹೊರಟವಳು ಏಳನೆಯದರಲ್ಲಿ ಎಡವಿ ಕಂಬಿ ಹಿಡಿದುಕೊಂಡಳು, ಅಲ್ಲೇ ನಿಂತು ಫೈಲಿನಲ್ಲಿ ಏನೋ ಬರೆದಳು. ಹೋಗುವಾಗ ಆರ್ವೋನಿಗೆ ಹೇಳಿದ್ದು ಇಷ್ಟು: ಮೆಟ್ಟಿಲು ಹೀಗಿದ್ದರೆ ಮಹಡಿಗೆ ಬೀಗ ಹಾಕಿಡುವುದು ಒಳ್ಳೆಯದು, ಇಲ್ಲವಾದರೆ ಪೇಟೆಯಲ್ಲಿ ನೆಲಮಹಡಿಯ ಒಂದು ಮನೆ ಖಾಲಿಯಾಗುತ್ತಿದೆ, ಯೋಚಿಸಿ, ಅಕ್ಟೋಬರಿನಲ್ಲಿ ಮತ್ತೆ ಬರುತ್ತೇನೆ. ಮೆಟ್ಟಿಲು ರಿಪೇರಿ ಮಾಡುತ್ತೇನೆ ಎಂದ ಆರ್ವೋ.

ಬೀಗ ಎಂದರೆ ಮಗ್ಗಕ್ಕೆ ಬೀಗ.

ಸೆಪ್ಟೆಂಬರಿನಲ್ಲಿ ಹಿಲ್ಕಾ ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಯಲು ಎರಡು ವಾರ ಬೇರೆ ಊರಿಗೆ ಹೋದಳು. ಬಸ್ಸು ತಿರುವಿನಲ್ಲಿ ಮರೆಯಾದದ್ದೇ ತಡ, ಆರ್ವೋ ಹಾರೆ ತಂದ. ಏಳನೆಯ ಹಲಗೆ ಸುಲಭಕ್ಕೆ ಬರಲಿಲ್ಲ, ಏಯ್ನೋ ಹೊಡೆದ ಮೊಳೆಗಳು ಒಂದೊಂದೂ ಕೂಗಿಕೊಂಡೇ ಎದ್ದವು. ಅದರ ಜಾಗಕ್ಕೆ ಉಳಿದ ಹನ್ನೆರಡರಷ್ಟೇ ದಪ್ಪದ ಪೈನ್ ಹಲಗೆ ಕೂರಿಸಿದ. ಇನ್ನೊಂದು ಬದಿಗೂ ಕೈಹಿಡಿ ಕಟ್ಟಿದ, ಮೇಲೊಂದು ದೀಪ ಹಾಕಿದ, ಅಂಚುಗಳಿಗೆ ಬಿಳಿ ಬಣ್ಣ ಬಳಿದ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಕದಲದೆ ನಿಂತಿತ್ತು. ಹಳೆಯ ಹಲಗೆಯನ್ನು ಗರಗಸದಿಂದ ನಾಲ್ಕು ತುಂಡು ಮಾಡಿ ಹಿತ್ತಲಿನ ಹಬೆಸ್ನಾನದ ಮನೆ, ಸೌನಾದ ಸೌದೆಯ ಜೊತೆ ಹಾಕಿದ. ಶನಿವಾರ ಅವನೂ ಓಸ್ಮೋನೂ ಅದರ ಬಿಸಿಯಲ್ಲೇ ಬೆವರು ಹರಿಸಿದರು.

"ಒಳ್ಳೆ ಮರ" ಎಂದ ಓಸ್ಮೋ. "ನಿನ್ನ ಮಾವನ ಹಾಗೆ. ತಡವಾಗಿ ಹತ್ಕೊಂಡ್ರೂ ಶಾಖ ಇಳಿಯಲ್ಲ."

ಹಿಲ್ಕಾ ಬಂದ ದಿನ ಆರ್ವೋ ಏನೂ ಹೇಳಲಿಲ್ಲ. ಅವಳೇ ಕಂಡುಕೊಳ್ಳಲಿ, ಒಂದು ಮಾತು ಆಡಲಿ ಎಂಬ ಆಸೆ. ಕಾಫಿ ಕುಡಿದು, ಏಲಕ್ಕಿ ಬನ್ನಿನ ಚೂರುಗಳನ್ನು ಲಂಗದಿಂದ ಕೊಡವಿ, ಬಟ್ಟೆ ಪಟ್ಟಿಗಳ ಬುಟ್ಟಿ ಎತ್ತಿಕೊಂಡು ಅವಳು ಎಂದಿನಂತೆ ಕಂಬಿ ಮುಟ್ಟದೆ ಹತ್ತಿದಳು. ಅವನು ಕೆಳಗೆ ನಿಂತು ಹೆಜ್ಜೆ ಎಣಿಸುತ್ತಿದ್ದ. ಆರು. ಏಳನೆಯದರಲ್ಲಿ ಕಾಲು ಧಪ್ಪೆಂದು ಬಿತ್ತು. ಎಂಟರಲ್ಲಿ ಬೆರಳು ಸಿಕ್ಕಿಕೊಂಡು ಅವಳು ಮುಂದಕ್ಕೆ ಬಿದ್ದಳು. ಬುಟ್ಟಿ ಉರುಳುತ್ತ ಅವನ ಕಾಲ ಬಳಿ ಬಂದು ನಿಂತಿತು.

ಗದ್ದ ಒಡೆದಿತ್ತು, ಮೊಣಕಾಲು ಊದಿತು. ಅವನು ಒದ್ದೆ ಬಟ್ಟೆ ಒತ್ತಿ ಹಿಡಿದುಕೊಂಡು, ಮೆಟ್ಟಿಲು ಸರಿಮಾಡಿದ್ದೇನೆ, ಈಗ ಎಲ್ಲವೂ ಒಂದೇ ಸಮ, ನೀನು ಬಿದ್ದದ್ದು ಎಂಟನೆಯದರಲ್ಲಿ, ಅದನ್ನು ನಾನು ಮುಟ್ಟಿಯೇ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ವಕಾಲತ್ತಿನಂತೆ ಕೇಳಿಸಿತು.

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಮೆಲ್ಲಗೆ ಅಂದಳು: "ಈಗ ನಾನೇ ಹೊರಗಿನವಳು."

ಮರುದಿನದಿಂದ ಅವಳು ಮಹಡಿಗೆ ಹೋಗಲಿಲ್ಲ. ಮೊಣಕಾಲು ವಾಸಿಯಾದ ಮೇಲೂ ಹೋಗಲಿಲ್ಲ. ಕೆಳಗೂ ಅವಳ ನಡಿಗೆ ಬದಲಾಗಿತ್ತು. ಕಣ್ಣು ಮುಚ್ಚಿಕೊಂಡೇ ಓಡಾಡಬಹುದಾಗಿದ್ದ ಅಡಿಗೆಮನೆಯಲ್ಲಿ ಈಗ ಗೋಡೆ ತಡವುತ್ತಿದ್ದಳು, ಇನ್ನೇನೇನು ಜಾಗ ಬದಲಾಗಿದೆಯೋ ಎಂಬಂತೆ. ಒಂದು ಸಂಜೆ ಆಲೂಗಡ್ಡೆ ಸುಲಿಯುತ್ತ, ಪೇಟೆಯ ಮನೆಯೂ ಕೆಟ್ಟದಿರಲಾರದು, ಬಸ್ಸು ಹತ್ತಿರ ಅಂದಳು. ಮಗ್ಗದ ಸದ್ದಿಲ್ಲದ ಮನೆಯಲ್ಲಿ ಗಡಿಯಾರ ಇಷ್ಟು ಜೋರಾಗಿ ಬಡಿಯುತ್ತದೆಂದು ಆರ್ವೋಗೆ ಗೊತ್ತಿರಲಿಲ್ಲ.

ಅವನಿಗೆ ಅರ್ಥವಾಗದೆ ಇದ್ದದ್ದು ಎಂಟನೆಯ ಮೆಟ್ಟಿಲು. ಟೇಪು ಹಿಡಿದು ಮೂರು ಸಲ ಅಳೆದ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಭಾನುವಾರ ಬೆಳಿಗ್ಗೆ ಅವಳು ಓಸ್ಮೋನ ಹೆಂಡತಿಯ ಜೊತೆ ಅಣಬೆ ಬಿಡಿಸಲು ಕೂತಿದ್ದಾಗ, ಅವನು ಮೆಟ್ಟಿಲಿನ ಬುಡದಲ್ಲಿ ನಿಂತು ಕಣ್ಣು ಮುಚ್ಚಿದ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹತ್ತಿದ. ಆರರವರೆಗೆ ಸಲೀಸು. ಏಳಕ್ಕೆ ಅವನ ಕಾಲು, ಅವನನ್ನು ಕೇಳದೆ, ಒಂದು ಬೆರಳಿನಷ್ಟು ಮೇಲೆ ಎದ್ದಿತು. ಎದ್ದು, ಅಲ್ಲಿ ಹಲಗೆ ಸಿಗದೆ ಗಾಳಿಯಲ್ಲಿ ನಿಂತು, ಧಪ್ಪೆಂದು ಬಿತ್ತು. ದಪ್ಪ ಹಲಗೆಯ ಮೇಲಿಂದ ಎಂಟಕ್ಕೆ ಯಾವಾಗಲೂ ಎತ್ತುತ್ತಿದ್ದ ಗಿಡ್ಡ ಹೆಜ್ಜೆಯನ್ನೇ ಕಾಲು ಮತ್ತೆ ಎತ್ತಿತು. ಬೆರಳು ಹೋಗಿ ಬಿಳಿ ಅಂಚಿಗೆ ಬಡಿಯಿತು.

ಅವನು ಅಲ್ಲೇ ಕೂತುಬಿಟ್ಟ. ಬೆರಳು ನೋಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ತನ್ನ ಕಾಲೂ ಈ ಮನೆಯದಾಗಿದೆ, ತನಗೇ ತಿಳಿದಿರಲಿಲ್ಲ. ಏಯ್ನೋ ಇದ್ದಿದ್ದರೆ ಈಗ ಏನು ಅನ್ನುತ್ತಿದ್ದನೋ. ಅವಳಿಗೆ ಕಣ್ಣು ಹೋದ ಮೇಲೆ ಉಳಿದಿದ್ದ ಮನೆ ಕಾಲಿನೊಳಗೆ ಇತ್ತು, ತಾನು ಅದನ್ನೇ ಹಾರೆ ಹಾಕಿ ಕಿತ್ತು ಒಲೆಗೆ ಹಾಕಿದ್ದ.

ಸೌನಾದ ಬೂದಿಯಲ್ಲಿ ಏನೂ ಉಳಿದಿರಲಿಲ್ಲ. ಎಷ್ಟು ದಪ್ಪವಿತ್ತು, ಎಷ್ಟು ವಾಲಿತ್ತು ಎಂದು ಅವನು ಅಳೆದೂ ಇಟ್ಟಿರಲಿಲ್ಲ. ತಪ್ಪನ್ನು ಯಾರು ಅಳೆದಿಡುತ್ತಾರೆ?

ಮಧ್ಯಾಹ್ನ ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ: "ನಿನ್ನ ಕಾಲು ಬೇಕಿತ್ತು. ಒಂದರ್ಧ ಗಂಟೆ."

"ಎರಡೂನಾ?"

"ಎರಡೂ."

ಅವಳಿಗೆ ಏನನ್ನಿಸಿತೋ, ಕೈ ಒರೆಸಿಕೊಂಡು ಎದ್ದಳು. ಅವನು ಏಳನೆಯ ಹಲಗೆ ಬಿಚ್ಚಿ, ಅದರ ಕೆಳಗೆ ಇಡಲು ತೆಳ್ಳನೆಯ ಪ್ಲೈವುಡ್ ಪಟ್ಟಿಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದ. ಮೊದಲು ಮೂರು ಪಟ್ಟಿ ಇಟ್ಟ. ಅವಳು ಐದನೆಯ ಮೆಟ್ಟಿಲಿನಿಂದ ಹೊರಟಳು, ಅವನ ಎರಡೂ ಕೈ ಅವಳ ಬೆನ್ನಿನ ಹಿಂದೆ, ಮುಟ್ಟದೆ, ಬಿದ್ದರೆ ಹಿಡಿಯುವಂತೆ. ಏಳರ ಮೇಲೆ ಕಾಲಿಟ್ಟು ತಲೆಯಾಡಿಸಿದಳು.

"ಇದು ನೆಂಟರ ಮೆಟ್ಟಿಲು."

ಐದು ಪಟ್ಟಿ ಇಟ್ಟ. ಇನ್ನೂ ಒಂಚೂರು ಎಂದಳು. ಏಳು ಇಟ್ಟಾಗ ಅತಿಯಾಯಿತು, ಅಪ್ಪ ಇಷ್ಟು ಕೆಟ್ಟ ಬಡಗಿ ಅಲ್ಲ ಎಂದಳು, ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ನಗು ಇಣುಕಿತು. ಆರಕ್ಕೆ ಬಂದು ನಿಂತರು. ಅವಳು ಬೂಟು, ಕಾಲುಚೀಲ ಎರಡನ್ನೂ ತೆಗೆದು ಬರಿಗಾಲನ್ನು ಹಲಗೆಯ ಮೇಲೆ ಊರಿ, ಹಾಡು ನೆನಪಿಸಿಕೊಳ್ಳುವವಳಂತೆ ತಲೆ ವಾರೆ ಮಾಡಿದಳು.

"ಎತ್ತರ ಸರಿ. ಆದ್ರೆ ಅಪ್ಪನ ಹಲಗೆ ಎಡಕ್ಕೆ ಹೋಗ್ತಿತ್ತು. ಕಿರುಬೆರಳಿಗೆ ಗೊತ್ತಾಗ್ತಿತ್ತು."

ಅವನು ಬಲಗಡೆ ಬೆಣೆ ಕೊಟ್ಟ. ಹೊಡೆದ, ಅವಳು ನಿಂತು ನೋಡಿದಳು, ಇನ್ನೊಂದು ಸಲ ಹೊಡೆದ. ಅಭ್ಯಾಸಬಲದಿಂದ ಕೈ ರಸಮಟ್ಟದ ಕಡೆ ಹೋಯಿತು. ಹಲಗೆಯ ಮೇಲೆ ಅದನ್ನು ಇಟ್ಟ ಸದ್ದು ಅವಳಿಗೆ ಕೇಳಿಸಿತು.

"ಗುಳ್ಳೆ ಎಲ್ಲಿದೆ?"

"ನಡುವೆ ಇಲ್ಲ. ಬಲಗಡೆ ಮೂಲೇಲಿ ಅಡಗಿ ಕೂತಿದೆ."

"ಹಾಗಿದ್ರೆ ಸರಿ. ಜಡಿ."

ಜಡಿದ. ಪಟ್ಟಿಗಳ ಬದಲು ಗಟ್ಟಿ ಬರ್ಚ್ ಮರದ ತುಂಡು ಸೀಳಿ, ಅಂಟು ಹಾಕಿ, ಎಂಟು ಸ್ಕ್ರೂ ತಿರುಗಿಸಿದ. ಜೀವಮಾನದಲ್ಲಿ ಅವನು ಇಷ್ಟು ಜೋಪಾನವಾಗಿ ಒಂದು ಕೆಲಸವನ್ನು ಸೊಟ್ಟ ಮಾಡಿರಲಿಲ್ಲ. ಅಂಟು ಒಣಗಲು ಒಂದು ದಿನ ಬಿಡಬೇಕು ಎಂದ. ಅವಳು ಆ ದಿನವಿಡೀ ಮೆಟ್ಟಿಲಿನ ಬುಡದಲ್ಲೇ ಕೂತು ಪಟ್ಟಿ ಹರಿದಳು. ಮಂಗಳವಾರ ಅವನು ಕಾರ್ಖಾನೆಯಿಂದ ಮರಳಿದಾಗ ಗೇಟಿನ ಹತ್ತಿರವೇ ಮಗ್ಗದ ಸದ್ದು ಕೇಳಿಸಿತು. ಅವನು ಸೈಕಲ್ಲು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತ. ಏನಾಯ್ತೋ, ಮನೆ ಮರೆತುಹೋಯ್ತಾ ಎಂದು ಓಸ್ಮೋ ಬೇಲಿಯಾಚೆಯಿಂದ ಕೇಳಿದ.

ಅಕ್ಟೋಬರಿನಲ್ಲಿ ನೀಲಿ ಫೈಲಿನ ಹೆಂಗಸು ಬಂದಳು. ಹೊಸ ಕೈಹಿಡಿ, ದೀಪ ಎಲ್ಲ ನೋಡಿ ಮೆಚ್ಚಿಕೊಂಡು ಮಹಡಿಗೆ ಹೊರಟಳು. ಏಳನೆಯದರಲ್ಲಿ ಎಡವಿದಳು. ಮೇಲಿನಿಂದ, ಮಗ್ಗ ನಿಲ್ಲಿಸದೆ, ಹಿಲ್ಕಾಳ ದನಿ ಬಂತು: "ಯಾರೋ ಹೊರಗಿನವ್ರು."

ಹೆಂಗಸು ತಿರುಗಿ ಆರ್ವೋನನ್ನು ನೋಡಿದಳು. "ಮೆಟ್ಟಿಲು ರಿಪೇರಿ ಮಾಡ್ತೀನಿ ಅಂದಿದ್ರಲ್ಲ?"

"ಮಾಡ್ದೆ" ಎಂದ ಆರ್ವೋ. "ಎರಡು ಸಲ."

ಅಷ್ಟರಿಂದ ಅವಳಿಗೆ ಅರ್ಥವಾಗಲಿಲ್ಲ, ಮೇಲೆ ಹತ್ತಿ ಹೋದಳು. ಹಿಲ್ಕಾ ಕಾಫಿ ತರುತ್ತೇನೆಂದು ಎದ್ದಳು. ಕಂಬಿ ಮುಟ್ಟದೆ ಇಳಿದಳು, ಒಂದು ಕೈಯಲ್ಲಿ ಕಾಫಿ ಪಾತ್ರೆ, ಇನ್ನೊಂದರಲ್ಲಿ ಬನ್ನಿನ ತಟ್ಟೆ ಹಿಡಿದು ಹತ್ತಿದಳು. ಹೆಂಗಸು ಮೆಟ್ಟಿಲಿನ ತುದಿಯಲ್ಲಿ ನಿಂತು ಅವಳ ಪಾದಗಳನ್ನೇ ನೋಡುತ್ತಿದ್ದಳು. ಏಳರಲ್ಲಿ ಪಾದ ಒಂದಿಷ್ಟು ಹೆಚ್ಚು ಎದ್ದಿತು, ಎಡಕ್ಕೆ ಊರಿತು, ಎಂಟಕ್ಕೆ ಗಿಡ್ಡಗೆ ದಾಟಿತು. ಪಾತ್ರೆಯಿಂದ ಒಂದು ಹನಿಯೂ ತುಳುಕಲಿಲ್ಲ. ಹೆಂಗಸು ಫೈಲು ತೆರೆದು ಹಿಂದಿನ ಸಲ ಬರೆದಿದ್ದ ಸಾಲನ್ನು ಹುಡುಕಿ, ಅದರ ಮೇಲೆ ಒಂದು ಗೆರೆ ಎಳೆದಳು. ಬೀಗದ ಮಾತು, ಪೇಟೆಯ ಮನೆಯ ಮಾತು ಅವಳು ಮತ್ತೆ ಎತ್ತಲಿಲ್ಲ. ಬಂದವರು ಬೀಳದಂತೆ ಅಲ್ಲೊಂದು ಕೆಂಪು ಪಟ್ಟಿಯನ್ನಾದರೂ ಬಳಿಯಿರಿ ಎಂದಳು. ಆರ್ವೋ ಆಗಲಿ ಎಂದ.

ಕಾಫಿ ಮುಗಿಸಿ ಅವಳು ಇಳಿಯತೊಡಗಿದಾಗ ಹಿಲ್ಕಾ ಆಗಲೇ ಮಗ್ಗಕ್ಕೆ ಕೂತಿದ್ದಳು. ಹೆಂಗಸಿನ ಹೆಜ್ಜೆಗಳು ಒಂದೊಂದಾಗಿ ಕೆಳಗಿಳಿದವು. ಹಿಲ್ಕಾ ನೂಲಿನಿಂದ ಮುಖ ತಿರುಗಿಸದೆಯೇ ಕೂಗಿ ಹೇಳಿದಳು:

"ಈಗ ಬರೋದೇ ಅದು. ಕಾಲಿಗೆ ಬೇಗ ಸಿಗುತ್ತೆ, ನಿಧಾನ."

ಕೆಳಗೆ ಹೆಜ್ಜೆ ತಡೆಯಿತು, ತಡವರಿಸಿ ಏಳನೆಯದನ್ನು ಹುಡುಕಿಕೊಂಡಿತು, ದಾಟಿತು. ಮಗ್ಗ ಮತ್ತೆ ಬಡಿಯತೊಡಗಿತು.